ಕಚ್ಚಾ ಹೊಲಿಗೆಯ ಟಿವಿ

ನನ್ನ ಭಾವನಿಗೆ ಬೀದಿಯವರು ಇಟ್ಟ ಹೆಸರು ಟ್ರಯಲ್ ಮಾಸ್ಟರ್. ಪ್ಯಾಂಟು, ಶರಟು, ಕೋಟು ಹೊಲಿಯುವವರು. ಕೆಲಸದಲ್ಲಿ ಒಂದು ಕೊಂಕು ತೆಗೆಯುವ ಹಾಗಿಲ್ಲ, ಆದರೆ ಮದುವೆಗೆಂದು ಕೊಟ್ಟ ಕೋಟು ಕೈಗೆ ಬರುವಷ್ಟರಲ್ಲಿ ಮದುಮಗ ಮಗುವನ್ನು ಎತ್ತಿಕೊಂಡು ಬಂದಿರುತ್ತಾನೆ. ಕಚ್ಚಾ ಹೊಲಿಗೆ ಹಾಕಬೇಕು, ಮೈಮೇಲೆ ತೊಡಿಸಿ ಸುತ್ತ ತಿರುಗಿಸಬೇಕು, ಚಾಕ್‌ಪೀಸಿನಲ್ಲಿ ಗೆರೆ ಎಳೆಯಬೇಕು, ಬಿಚ್ಚಬೇಕು, ಮತ್ತೆ ಕಚ್ಚಾ ಹೊಲಿಗೆ ಹಾಕಬೇಕು. ಅಲ್ಲಿಯತನಕ ಯಾವುದೂ ಪಕ್ಕಾ ಆಗುವುದಿಲ್ಲ. ದಿಂಬಿನ ಕವರಿಗೂ ಟ್ರಯಲ್ ನೋಡಿದ ಮನುಷ್ಯ ಅವರು. ದಿಂಬನ್ನು ಮೇಜಿನ ಮೇಲೆ ನಿಲ್ಲಿಸಿ ಎದುರಿನಿಂದಲೂ ಪಕ್ಕದಿಂದಲೂ ನೋಡುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ನಾನು ಅವರಿರುವ ಕಟ್ಟಡದಲ್ಲೇ ಮೇಲಿನ ಮನೆಯಲ್ಲಿದ್ದೇನೆ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂಪನ್ ಹರಿದು ಕೊಡುವ ಕೆಲಸ. ಕಿಟಕಿಯ ಮುಂದೆ ನಿಂತು, ಟೀನಾ ಕಾಫಿನಾ ಎಂದು ಯೋಚಿಸುವವರನ್ನು ಕಂಡರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಇಂಥ ನನಗೆ ಇಂಥ ಭಾವ.

ಅಕ್ಕನ ಕೆಲಸ ಗುಂಡಿ ತೂರುವ ತೂತಿಗೆ ಕಾಜಾ ಹಾಕುವುದು, ಗುಂಡಿ, ಹೆಮ್ಮಿಂಗು. ಅವರ ಮುಂದಿನ ಕೋಣೆ ಹಗಲು ಅಂಗಡಿ, ಸಂಜೆ ಮನೆ. ಬೆಳಕಿಗಾಗಿ ಅಕ್ಕ ಕಿಟಕಿಗೆ ಮುಖ ಮಾಡಿ ಕೂರುತ್ತಿದ್ದಳು. ಭಾವನ ಮಿಷನ್ನು ಅವಳ ಬೆನ್ನ ಹಿಂದೆ, ಚಿಕ್ಕ ಹಳೇ ಟಿವಿಯೂ ಬೆನ್ನ ಹಿಂದೆ. ಮದುವೆಯಾದಾಗಿನಿಂದ ಗಂಡ ಹೆಂಡತಿ ಇಬ್ಬರೂ ಬೆನ್ನಿನ ಜೊತೆಗೇ ಮಾತಾಡಿದ್ದು. ಸಂಜೆಯ ಧಾರಾವಾಹಿಯನ್ನೂ ಅಕ್ಕ ಬರೀ ಕಿವಿಯಲ್ಲೇ ನೋಡಿದ್ದು. ಅದರಲ್ಲಿ ಒಬ್ಬ ವಕೀಲ ಬರುತ್ತಿದ್ದ. ಅವನು ಬಾಯಿ ಬಿಟ್ಟನೆಂದರೆ ಅಕ್ಕನ ಸೂಜಿ ನಿಲ್ಲುತ್ತಿತ್ತು. ತಿರುಗಿ ನೋಡಬಾರದಾ ಎಂದರೆ, ಕಾಜಾ ಹಾಳಾಗುತ್ತೆ ಕಣೇ ಎನ್ನುತ್ತಿದ್ದಳು.

ಆಮೇಲೆ ಕಾಜಾಗಳು ತಾವಾಗಿಯೇ ಹಾಳಾಗತೊಡಗಿದವು. ನಮ್ಮ ಆಸ್ಪತ್ರೆಯ ಕಣ್ಣಿನ ಡಾಕ್ಟರಿಗೆ ನಾನೇ ತೋರಿಸಿದೆ. ಡಾಕ್ಟರಮ್ಮ ಸುತ್ತಿಬಳಸದೆ ಹೇಳಿದರು. "ನಡುವಿನ ನೋಟ ಸವೆಯುತ್ತಾ ಇದೆ. ವಾಪಸ್ ಬರಲ್ಲ. ಅಂಚಿನ ನೋಟ ಉಳಿಯುತ್ತೆ. ಏನಾದ್ರೂ ನೋಡ್ಬೇಕು ಅಂದ್ರೆ ನೇರವಾಗಿ ನೋಡ್ಬೇಡಿ, ಒಂಚೂರು ಪಕ್ಕಕ್ಕೆ ನೋಡಿ. ನೋಡೋದು ದೊಡ್ಡದಾಗಿದ್ರೆ ಒಳ್ಳೇದು. ಬೇಗ ನೋಡಿದ್ರೆ ಇನ್ನೂ ಒಳ್ಳೇದು."

ವಾಪಸ್ ಬರುವಾಗ ಮನೆಯ ಮೆಟ್ಟಿಲ ಹತ್ತಿರ ಅಕ್ಕ, ನಮ್ಮ ಜೊತೆ ಬಂದಿದ್ದ ಭಾವನಿಗೆ ಹೇಳಿದಳು. "ರೀ, ನಂಗೊಂದು ದೊಡ್ಡ ಟಿವಿ ಕೊಡ್ಸಿ. ಆ ವಕೀಲನ ಮುಖ ಒಂದ್ಸಲ ನೋಡ್ಬಿಡ್ತೀನಿ."

ನನ್ನ ಅಕ್ಕ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು. "ನಡೀರಿ ಭಾವ, ಹೀಗೇ ಅಂಗಡಿಗೆ ಹೋಗೋಣ" ಎಂದೆ. ಭಾವ ಕೊರಳಿನಿಂದ ಟೇಪು ಎಳೆದುಕೊಂಡರು.

"ಅಳತೆ ಆಗ್ಬೇಕಲ್ಲಮ್ಮಾ" ಎಂದರು. ನಾನು ಹಣೆ ಚಚ್ಚಿಕೊಂಡೆ.

ಅಳತೆ ಎಂದರೆ ಗೋಡೆಯದಲ್ಲ, ಅಕ್ಕನದು. ಕುರ್ಚಿಯನ್ನು ಕಿಟಕಿಯಿಂದ ತಿರುಗಿಸಿ ಗೋಡೆಗೆ ಎದುರಾಗಿ ಹಾಕಿ ಅವಳನ್ನು ಕೂರಿಸಿದರು. ಕೂತಾಗ ಕಣ್ಣಿನ ಎತ್ತರ, ಕಣ್ಣಿನಿಂದ ಗೋಡೆಗೆ ಎಷ್ಟು, ಕತ್ತು ನೋಯದೆ ಎಷ್ಟು ತಿರುಗುತ್ತದೆ, ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಕೋಟಿನ ಒಳಗೆ ಹಾಕುವ ಕಪ್ಪು ಲೈನಿಂಗ್ ಬಟ್ಟೆಯನ್ನು ಅಗಲ ಅರವತ್ತೈದು ಇಂಚು ಬರುವ ಹಾಗೆ ಕತ್ತರಿಸಿ, ಸುತ್ತ ಮಡಚಿ, ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ಗೋಡೆಗೆ ನೇತುಹಾಕಿದರು. ಅದು ಟಿವಿಯಂತೆ. ಹಳೇ ಟಿವಿಯನ್ನು ಅದರ ಕೆಳಗೆ ಸ್ಟೂಲಿನ ಮೇಲೆ ಗೋಡೆಯ ಕಡೆ ಮುಖ ಮಾಡಿಸಿ ಇಟ್ಟರು.

"ಅದನ್ಯಾಕೆ ತಿರುಗಿಸಿದ್ರಿ?"

"ಅದನ್ನ ನೋಡ್ತಾ ಕೂತ್ರೆ ಇದರ ಟ್ರಯಲ್ ಹೇಗಾಗುತ್ತೆ? ಧ್ವನಿ ಅದರದ್ದು, ನೋಟ ಇದರದ್ದು."

ಹೀಗೆ ಸಂಜೆ ಧಾರಾವಾಹಿ ಶುರುವಾಯಿತು. ಅಕ್ಕ, ಭಾವನ ತಾಯಿ, ನಾನು ಮೂವರೂ ಒಂದು ಕಪ್ಪು ಬಟ್ಟೆಯನ್ನು ನೋಡುತ್ತ ಕೂತೆವು. ಭಾವನ ತಾಯಿಯನ್ನು ಎಲ್ಲರೂ ಅಜ್ಜಿ ಎನ್ನುತ್ತೇವೆ. ಭಾವ ಬಟ್ಟೆಯ ಪಕ್ಕ ನಿಂತು, "ಹೇಗಿದೆ? ಎಲ್ಲಾದ್ರೂ ಬಿಗಿ ಅನ್ಸುತ್ತಾ?" ಎಂದು ಕೇಳಿದರು.

ಅಕ್ಕನೂ ದರ್ಜಿಯ ಹೆಂಡತಿಯಲ್ಲವೇ. "ಎಡಗಡೆ ಸ್ವಲ್ಪ ಲೂಸು" ಎಂದಳು.

ಭಾವ ಎಡಗಡೆ ಅರ್ಧ ಇಂಚು ಒಳಗೆ ಹಿಡಿದು, ಬಲಗಡೆ ಅಷ್ಟೇ ಬಿಟ್ಟರು. ಮಾರನೆಯ ದಿನ ಅಜ್ಜಿಗೆ ಕೆಳಗಡೆ ಗಿಡ್ಡ ಅನ್ನಿಸಿತು, ಅಂಚು ಬಿಚ್ಚಿ ಇಳಿಸಿದರು. ಅದರ ಮಾರನೆಯ ದಿನ ಇಸ್ತ್ರಿ ಮಾಡಿದರು. ಟಿವಿ ಸುಕ್ಕಾಗಿತ್ತಂತೆ.

ನಾನು ಒಂದು ವಾರ ಅವರ ಮನೆ ಕಡೆ ತಲೆ ಹಾಕಲಿಲ್ಲ. ಮತ್ತೆ ಬಂದಾಗ ನೋಡುತ್ತೇನೆ, ಭಾವ ಎಂದಿನಂತೆ ಬಟ್ಟೆಯ ಅಂಚಿನಲ್ಲಿ ನಿಂತಿದ್ದಾರೆ, ಅಕ್ಕ ಬಟ್ಟೆಯ ಮೇಲೆ ಕಣ್ಣಿಟ್ಟು ನಗುತ್ತಿದ್ದಾಳೆ.

"ಇವತ್ತು ವಕೀಲ ಕಿವಿ ಮೇಲೆ ಏನೋ ಸಿಕ್ಕಿಸ್ಕೊಂಡು ಬಂದಿದ್ದಾನೆ" ಎಂದಳು.

ಕಣ್ಣಿನ ಜೊತೆ ಬುದ್ಧಿಯೂ ಹೋಯಿತೇನೋ ಎಂದುಕೊಂಡೆ. ಅಜ್ಜಿ ಮಾತ್ರ ತಣ್ಣಗೆ, "ಪೆನ್ನಿರ್ಬೇಕು, ವಕೀಲ್ರಲ್ವಾ" ಎಂದರು. ಅಷ್ಟಕ್ಕೇ ಬಿಡದೆ, ಅವನ ಹೆಂಡತಿಯ ಸೀರೆ ನಿನ್ನೆ ಉಟ್ಟಿದ್ದೇ ಎಂದು ಮೂಗು ಮುರಿದರು. ಅಕ್ಕ ಅದು ನೀಲಿ ಎಂದಳು, ಅಜ್ಜಿ ಹಸಿರು ಎಂದರು. ಅತ್ತೆ ಸೊಸೆ ಕಪ್ಪು ಬಟ್ಟೆಯೊಂದರ ಮುಂದೆ ಬಣ್ಣಕ್ಕಾಗಿ ಮಾತು ಬಿಟ್ಟರು.

ಪಕ್ಕದ ಅಂಗಡಿಯ ಕ್ಷೌರಿಕನೂ ಬರತೊಡಗಿದ. ಮೊದಲ ದಿನ ಆಡಿಕೊಂಡು ನಗಲು ಬಂದವನು ಮರುದಿನ ನನಗೆ, "ತಲೆ ಸ್ವಲ್ಪ ತಗ್ಗಿಸಿ ಮೇಡಮ್, ಕಾಣಿಸ್ತಿಲ್ಲ" ಎಂದ. ಒಂದು ಸಂಜೆ ಕರೆಂಟು ಹೋಗಿ ಧ್ವನಿ ನಿಂತಿತು. ಬಟ್ಟೆ ಇದ್ದ ಹಾಗೆಯೇ ಇತ್ತು. ಅವನು ತೊಡೆ ಬಡಿದುಕೊಂಡು, "ಛೆ, ಒಳ್ಳೇ ಟೈಮಲ್ಲೇ ಪರದೆ ಕಪ್ಪಾಯ್ತು" ಎಂದು ಎದ್ದುಹೋದ. ನನಗೆ ಯಾರ ತಲೆ ಸರಿಯಿದೆಯೆಂದೇ ತಿಳಿಯದಾಯಿತು.

ಆದರೆ ಒಂದು ಬೆಳಿಗ್ಗೆ ನಗುವುದೆಲ್ಲ ನಿಂತುಹೋಯಿತು. ಕೆಲಸಕ್ಕೆ ಹೊರಟವಳು ಅಕ್ಕನ ಬಾಗಿಲಲ್ಲಿ ನಿಂತೆ. ಮಾತಾಡಿರಲಿಲ್ಲ. ಅಕ್ಕ ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು. ನೋಡಿ, "ಯಾರು? ಬಟ್ಟೆ ಕೊಡೋದಿದ್ರೆ ಕೂತ್ಕೊಳ್ಳಿ, ಮಾಸ್ಟರ್ ಬರ್ತಾರೆ" ಎಂದಳು.

"ನಾನು ಕಣೇ" ಎಂದೆ.

"ಓ, ನೀನಾ. ಈಗ ಎಲ್ಲರದ್ದೂ ಮುಖ ಇರೋ ಜಾಗದಲ್ಲಿ ನಂಗೆ ಹೊಗೆ ಕಾಣಿಸುತ್ತೆ. ಬೇಜಾರು ಮಾಡ್ಕೋಬೇಡ."

ಆ ದಿನ ಕ್ಯಾಂಟೀನಿಗೆ ರಜೆ ಹಾಕಿದೆ. ಭಾವ ಬಟ್ಟೆಯ ಬಲಮೂಲೆಗೆ ಪಿನ್ನು ಚುಚ್ಚುತ್ತಿದ್ದರು. "ಭಾವ, ಅವಳ ಕಣ್ಣು ನಿಮ್ಮ ಗಿರಾಕಿ ಅಲ್ಲ, ನಾಳೆ ಬಾ ಅಂದ್ರೆ ನಾಳೆ ಬರೋದಕ್ಕೆ" ಎಂದೆ. ಭಾವನ ಬಾಯಲ್ಲಿ ಪಿನ್ನುಗಳಿದ್ದವು. ಒಂದೊಂದಾಗಿ ತೆಗೆದು ಅಂಗಿಯ ಅಂಚಿಗೆ ಚುಚ್ಚಿಕೊಂಡರು.

"ನಂಗೊತ್ತಿಲ್ವಾ? ಒಂದೇ ಒಂದ್ಸಲ ಕೇಳಿದ್ದಾಳೆ ಅವಳು. ಅದೂ ತಪ್ಪು ಅಳತೆಗೆ ಬಂದ್ರೆ?" ಎಂದರು. ಚಪ್ಪಲಿ ಹಾಕಿಕೊಳ್ಳಿ ಎಂದೆ.

ಟಿವಿ ಅಂಗಡಿಯಲ್ಲಿ ಗೋಡೆ ತುಂಬ ಟಿವಿಗಳು, ಎಲ್ಲದರಲ್ಲೂ ಒಂದೇ ಗಿಳಿ. ಭಾವ ಅರವತ್ತೈದು ಎಂದು ಬರೆದಿದ್ದ ಟಿವಿಯ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತಿಕ್ಕಿ ನೋಡಿದರು. ಆಮೇಲೆ ಟೇಪು ಹಿಡಿದರು. ಐವತ್ತೇಳು ಬಂತು.

"ಎಂಟು ಇಂಚು ಎಲ್ಲಿ ಹೋಯ್ತು?" ಎಂದು ಮಾರಾಟದ ಹುಡುಗಿಯನ್ನು ಕೇಳಿದರು. ಬಟ್ಟೆ ಕದ್ದ ದರ್ಜಿಯನ್ನು ಹಿಡಿದ ಹಾಗಿತ್ತು ಅವರ ಮುಖ.

"ಸರ್, ಟಿವಿನ ಮೂಲೆಯಿಂದ ಮೂಲೆಗೆ ಅಳೀತಾರೆ."

"ಎಡ ಭುಜದಿಂದ ಬಲ ಸೊಂಟಕ್ಕೆ ಟೇಪ್ ಹಿಡಿದು ಯಾರಾದ್ರೂ ಅಂಗಿ ಹೊಲೀತಾರಾ?"

ಹುಡುಗಿ ನನ್ನ ಕಡೆ ನೋಡಿದಳು. ನಾನು ಗಿಳಿಯ ಕಡೆ ನೋಡಿದೆ. ಕೊನೆಗೆ ಎಪ್ಪತ್ತೈದು ಎಂದು ಬರೆದಿದ್ದರ ಅಗಲ ಸರಿಯಾಗಿ ಅರವತ್ತೈದು ಬಂತು. ಸದ್ಯ ಮುಗಿಯಿತು ಎಂದುಕೊಂಡೆ. ಎಲ್ಲಿ ಮುಗಿಯುವುದು? ಭಾವನ ಬಾಯಿಂದ ಇನ್ನೊಂದು ಮಾತು ಬಂತು.

"ಇದನ್ನ ಒಂದ್ಸಲ ಬಾಗಿಲ ಹತ್ರ ತನ್ನಿ. ಅಂಗಡಿ ಲೈಟಲ್ಲಿ ಬಣ್ಣ ಯಾವಾಗ್ಲೂ ಮೋಸ. ಹಗಲ ಬೆಳಕಲ್ಲಿ ನೋಡ್ಬೇಕು."

ಜವಳಿ ಅಂಗಡಿಯಲ್ಲಿ ಅದು ಸರಿ. ಇಲ್ಲಿ ಮ್ಯಾನೇಜರೇ ಓಡಿ ಬಂದರು. ಆಗುವುದಿಲ್ಲ ಎಂದರು. ಆಗಬೇಕು ಎಂದು ನಾನೂ ಕ್ಯಾಂಟೀನಿನ ಗಂಟಲಲ್ಲಿ ಹೇಳಿದೆ. ಯಾಕೆ ಹಾಗೆ ಅವರ ಪರ ನಿಂತೆನೋ ನನಗೇ ಗೊತ್ತಿಲ್ಲ. ನಾಲ್ಕು ಜನ ಟಿವಿಯ ವೈರು ಕಿತ್ತು ಹೊಸ್ತಿಲಿಗೆ ಹೊತ್ತು ತಂದು ಹಿಡಿದು ನಿಂತರು. ವೈರಿಲ್ಲದ ಟಿವಿಯಲ್ಲಿ ಎದುರಿನ ಬೀದಿ ಕಾಣಿಸಿತು, ಒಂದು ಬಸ್ಸು ಹೋಯಿತು, ಒಬ್ಬ ಮುದುಕ ಮೂಗು ಸೀಟಿದ. ಭಾವ ಹಿಂದೆ ಹೆಜ್ಜೆಯಿಟ್ಟು, ತಲೆ ವಾಲಿಸಿ ನೋಡಿದರು.

"ಬಸ್ಸಿನ ಕೆಂಪು ಚೆನ್ನಾಗಿ ಬಂದಿದೆ" ಎಂದರು. "ಪ್ಯಾಕ್ ಮಾಡಿ."

ಟಿವಿ ಅದೇ ಸಂಜೆ ಬಂತು. ಬಟ್ಟೆ ಇಳಿಸಿ, ಅದರ ಸುತ್ತ ಭಾವ ಗೋಡೆಯ ಮೇಲೆ ಎಳೆದಿದ್ದ ಚಾಕ್‌ಪೀಸಿನ ಗೆರೆಗೆ ಟಿವಿಯನ್ನು ಕೂರಿಸಿದರು. ಗೆರೆಗೆ ಗೆರೆ ಕೂತಿತು. ಭಾವನ ಹಿಗ್ಗು ಹೇಳತೀರದು. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿದೆವು. ಅಜ್ಜಿ ಬಂದರು, ಕ್ಷೌರಿಕ ಬಾಗಿಲಲ್ಲಿ ನಿಂತ. ಧಾರಾವಾಹಿ ಶುರುವಾಯಿತು, ಬಾಗಿಲಗಲದ ವಕೀಲನ ಮುಖ ಗೋಡೆಯ ಮೇಲೆ ಬಂತು. ದುಂಡು ಮುಖ, ನುಣ್ಣಗೆ ಬೋಳಿಸಿದ ಗಲ್ಲ, ಹಲ್ಲು ಒಂದೊಂದೂ ಎಣಿಸಬಹುದಿತ್ತು. ಅಕ್ಕ ಡಾಕ್ಟರು ಹೇಳಿಕೊಟ್ಟ ಹಾಗೆ ಕತ್ತನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇವನಲ್ಲ" ಎಂದಳು.

"ಯಾರಲ್ಲ?"

"ನಮ್ಮ ವಕೀಲ ಇವನಲ್ಲ. ಅವನಿಗೆ ಹುಬ್ಬು ದಪ್ಪ. ಕಿವಿ ಮೇಲೆ ಏನೋ ಸಿಕ್ಕಿಸ್ಕೊಂಡಿರ್ತಾನೆ. ಮಾತಾಡೋ ಮುಂಚೆ ತುಟಿಯಿಂದ ಏನೋ ತೆಗೀತಾನೆ, ಒಂದೊಂದಾಗಿ."

ಅಜ್ಜಿ ಬಾಯಿಗೆ ಸೆರಗು ಹಿಡಿದರು. ನನಗೆ ಒಮ್ಮೆಲೇ ಎಲ್ಲ ತಿಳಿಯಿತು. ತಿಳಿಯದವರು ಆ ಕೋಣೆಯಲ್ಲಿ ಭಾವ ಒಬ್ಬರೇ. ಹೊಲಿದ ಕೋಟನ್ನು ಗಿರಾಕಿ ಮುಖಕ್ಕೆ ಎಸೆದ ಹಾಗೆ ಅವರು ಕಂಗಾಲಾಗಿದ್ದರು. ಕಿವಿಯ ಮೇಲೆ ಚಾಕ್‌ಪೀಸು, ತುಟಿಯಲ್ಲಿ ಪಿನ್ನು, ಕೈಯಲ್ಲಿ ಟೇಪು. ಎಲ್ಲಿ ತಪ್ಪಿದೆ ನೋಡೋಣವೆಂದು ಟಿವಿಯ ಅಂಚಿಗೆ ಹೋಗಿ ಬಗ್ಗಿದರು. ವಕೀಲನ ಮುಖದ ಬೆಳಕೆಲ್ಲ ಅವರ ಮುಖಕ್ಕೆ ಬಿತ್ತು.

ಅಕ್ಕ ಆಗ ಸುಸ್ತಾಗಿ ಕತ್ತನ್ನು ನೇರ ಮಾಡಿ ಟಿವಿಯ ನಡುಭಾಗವನ್ನು ನೋಡುತ್ತಿದ್ದಳು. ನಡುಭಾಗದಲ್ಲಿ ಅವಳಿಗೆ ಹೊಗೆ. ಉಳಿದದ್ದು ಅಂಚು ಮಾತ್ರ.

"ರೀ, ಅಲ್ಲೇ ಇರಿ" ಎಂದಳು.

"ಅಡ್ಡ ಬಂದ್ನಾ?" ಎಂದರು ಭಾವ, ಪಿನ್ನುಗಳ ಸಂದಿಯಿಂದಲೇ.

"ಅಲ್ಲಾಡ್ಬೇಡಿ. ಕಾಣಿಸ್ತಿದೆ."

"ವಕೀಲನಾ?"

"ನೀವು. ಕೂದಲು ಯಾವಾಗ ಇಷ್ಟು ಬೆಳ್ಳಗಾಯ್ತು?"

ಭಾವ ಪಿನ್ನುಗಳನ್ನು ತೆಗೆಯುವುದನ್ನೂ ಮರೆತು ನಿಂತರು. ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಇದಕ್ಕೆ ಇಷ್ಟೆಲ್ಲ ಬೇಕಿತ್ತಾ, ಕುರ್ಚಿಯೊಂದನ್ನು ತಿರುಗಿಸಿದ್ದರೆ ಆಗುತ್ತಿರಲಿಲ್ಲವಾ ಎಂದು. ಅಜ್ಜಿ ಒಬ್ಬರಿಗೆ ಮಾತ್ರ ಧಾರಾವಾಹಿ ಮುಖ್ಯ. "ಈ ಕಡೆ ಸರಿಯೋ, ವಕೀಲನ ಅರ್ಧ ಮುಖ ನಿನ್ನ ತಲೆ ಹಿಂದಿದೆ" ಎಂದು ಮಗನನ್ನು ಗದರಿಸಿದರು. ಭಾವ ಸರಿಯಲಿಲ್ಲ.

ಈಗ ಸಂಜೆಯಾದರೆ ಭಾವ ಟಿವಿಯ ಅಂಚಿಗೆ ಸ್ಟೂಲು ಹಾಕಿಕೊಂಡು, ಮುಖ ಅಕ್ಕನ ಕಡೆ ಮಾಡಿ ಕಾಜಾ ಹಾಕುತ್ತಾರೆ. ಕಾಜಾಗಳು ಸೊಟ್ಟ, ಗಿರಾಕಿಗಳು ಬೈಯುತ್ತಾರೆ. ಅಕ್ಕ ಟಿವಿಯ ನಡುವನ್ನೇ ನೆಟ್ಟ ಕಣ್ಣಿಂದ ನೋಡುತ್ತಾಳೆ. ಅವಳಿಗೆ ಟಿವಿ ಹುಚ್ಚು ಎಂದು ಬೀದಿಯವರು ಆಡಿಕೊಳ್ಳುತ್ತಾರೆ. ಧಾರಾವಾಹಿಯಲ್ಲಿ ವಕೀಲ ಸತ್ತು ಎಷ್ಟೋ ಕಾಲವಾಯಿತು, ಅವಳಿಗೆ ಅದು ಗೊತ್ತೂ ಇಲ್ಲ. ನಡುನಡುವೆ "ಸ್ವಲ್ಪ ಎಡಕ್ಕೆ" ಎನ್ನುತ್ತಾಳೆ. ಭಾವ ಮರುಮಾತಿಲ್ಲದೆ ಸ್ಟೂಲು ಎಳೆದುಕೊಳ್ಳುತ್ತಾರೆ. ಹೊಗೆ ಬೆಳೆಯುತ್ತಿದೆ. ಸ್ಟೂಲು ದಿನೇ ದಿನೇ ಟಿವಿಯಿಂದ ದೂರ ಹೋಗುತ್ತಿದೆ.

ಮೊನ್ನೆ ಕೇಳಿದೆ, "ಭಾವ, ಟ್ರಯಲ್ ಇನ್ನೂ ಮುಗೀಲಿಲ್ವಾ?"

"ಅವಳು ಸಾಕು ಅಂದಿಲ್ಲ" ಎಂದರು.