ಗೊಬ್ನಿಟ್ ಇಡದ ಬಟ್ಟಲು

ಐರ್ಲೆಂಡಿನ ಪಡುವಣ ಕಡಲಂಚಿನ ಆ ಊರಿನಲ್ಲಿ ಗೊಬ್ನಿಟ್ ಮುದುಕಿಯ ಬಾಯಿಗೆ ಹೆದರದವರಿರಲಿಲ್ಲ. ಆದರೆ ದನಗಳು ಗುಡ್ಡದಿಂದ ಇಳಿದು, ಸತ್ತವರು ಮನೆಗೆ ಬರುವ ಸೌವಿನ್ ಹಬ್ಬದ ಸಂಜೆಯಾಯಿತೆಂದರೆ ಅವಳು ಬೇರೆಯೇ ಹೆಂಗಸು. ಬಾಗಿಲ ಅಗುಳಿ ತೆಗೆದು, ಒಲೆಯ ಸುತ್ತ ಸ್ಟೂಲುಗಳನ್ನಿಟ್ಟು, ಬೇಯಿಸಿದ ಆಲೂಗಡ್ಡೆಗೆ ಎಲೆಕೋಸು ಕಲಸಿ, ನಡುವೆ ಗುಳಿ ಮಾಡಿ ಬೆಣ್ಣೆ ಹಾಕಿ, ಸತ್ತವರಲ್ಲಿ ಒಬ್ಬೊಬ್ಬರಿಗೂ ಒಂದು ಬಟ್ಟಲು ಇಡುತ್ತಿದ್ದಳು. ಗಂಡನಿಗೆ, ಅತ್ತೆಗೆ, ದಿಕ್ಕಿಲ್ಲದೆ ಬೇಲಿಬದಿಯಲ್ಲಿ ಸತ್ತ ಪಾತ್ರೆ ರಿಪೇರಿಯವನಿಗೂ. ಮಗ ಕೋಲ್ಮನ್‌ಗೆ ಮಾತ್ರ ಇಲ್ಲ.

ವರ್ಷಗಳ ಹಿಂದೆ ಮೀನಿಗೆ ಹೋದ ಕೋಲ್ಮನ್ ಮರಳಿರಲಿಲ್ಲ. ದೋಣಿ ಸಿಕ್ಕಿತು, ಹೆಣ ಸಿಗಲಿಲ್ಲ. ಬಟ್ಟಲು ಇಟ್ಟರೆ ಸತ್ತನೆಂದು ಒಪ್ಪಿಕೊಂಡಂತೆ. ಹೆತ್ತವಳು ಒಪ್ಪುವ ತನಕ ಸೊಸೆ ನೆಸ್ಸಾ ಅತ್ತ ಹೆಂಡತಿಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಅವಳನ್ನು ಮದುವೆಯಾಗಲು ಕಾದಿದ್ದ ಕಮ್ಮಾರ ಫೀಲಿಮ್, ಈ ಚಳಿಗಾಲಕ್ಕೂ ಇಲ್ಲವೆಂದರೆ ಊರು ಬಿಡುವುದಾಗಿ ಹೇಳಿದ್ದ.

"ಅತ್ತೆ ಬಟ್ಟಲು ಇಡದೆ ನಾನು ಹೊಸಿಲು ದಾಟೋಳಲ್ಲ" ಎಂದಿದ್ದಳು ನೆಸ್ಸಾ.

ಹಿಂದೊಮ್ಮೆ ಅವಳೇ ಗಂಡನ ಹೆಸರಿನಲ್ಲಿ ಬಟ್ಟಲಿಟ್ಟಿದ್ದಳು. "ನನ್ ಮಗನ್ನ ಸಾಯಿಸೋಕೆ ನಿಂಗೇನೇ ಅಷ್ಟು ಅವಸರ?" ಎಂದು ಮುದುಕಿ ಅದನ್ನು ಹಂದಿಗೆ ಸುರಿದಿದ್ದಳು. ಎಂಥ ಕೆಟ್ಟ ಮಾತು! ನೆಸ್ಸಾಳ ಎದೆಯಲ್ಲಿ ಅದು ಇನ್ನೂ ಉರಿಯುತ್ತಿತ್ತು.

ಈ ಸಲದ ಹಬ್ಬದ ಸಂಜೆ ನೆಸ್ಸಾ ಬಗ್ಗಿ ಒಲೆಗೆ ಉರುವಲಿನ ಪೀಟ್ ಮಣ್ಣಿನ ಹೆಂಟೆ ಒಟ್ಟುತ್ತಿದ್ದಳು. ತಲೆವಸ್ತ್ರ ಜಾರಿತು.

"ಇದೇನೇ, ನಿನ್ ತಲೇಲೂ ಬಿಳಿ ಕೂದ್ಲು! ನಂಗೆ ಸರೀಕಳಾಗ್ಬಿಟ್ಯಲ್ಲೇ" ಎಂದು ಮುದುಕಿ ನಕ್ಕಳು.

ಸೊಸೆಯ ಆ ಬಿಳಿ ಕೂದಲನ್ನೇ ನೋಡುತ್ತ ಕೂತಿದ್ದವಳು ಎದ್ದು ಒಂದು ಚಿಕ್ಕ ಪಾತ್ರೆ ತೆಗೆದಳು. ಅದರಲ್ಲಿ ಬರೀ ಆಲೂಗಡ್ಡೆ ಹಿಸುಕತೊಡಗಿದಳು.

"ಅದಕ್ಕೆ ಕೋಸು ಹಾಕ್ಲಿಲ್ವಲ್ಲ ಅತ್ತೆ?"

"ಅವನೆಲ್ಲೇ ಕೋಸು ತಿಂತಿದ್ದ? ಚಿಕ್ಕೋನಿದ್ದಾಗಿಂದ್ಲೂ ಒಂದೊಂದೇ ಎಳೆ ಹೆಕ್ಕಿ ಅಂಚಿಗೆ ತಳ್ಳೋನು."

ನೆಸ್ಸಾಳ ಕೈಯಲ್ಲಿದ್ದ ಹೆಂಟೆ ಕೈಯಲ್ಲೇ ಉಳಿಯಿತು. ಮುದುಕಿ ಅದನ್ನು ಬಟ್ಟಲಿಗೆ ಹಾಕಿ, ಗುಳಿ ಮಾಡಿ ಬೆಣ್ಣೆಯಿಟ್ಟು, ಚಮಚ ಚುಚ್ಚಿ, ಬೆಂಕಿಗೆ ತೀರ ಹತ್ತಿರದ ಸ್ಟೂಲಿನ ಮೇಲೆ ಬಟ್ಟಲಿಟ್ಟಳು.

"ಬಾರೋ ಮಗಾ, ಮೈ ಕಾಯಿಸ್ಕೋ. ಇಷ್ಟು ವರ್ಷ ನಿನ್ನ ಚಳೀಲಿ ಹೊರಗೇ ನಿಲ್ಲಿಸ್ಬಿಟ್ಟೆ."

ಈ ದಿನಕ್ಕಾಗಿಯೇ ಕಾದಿದ್ದವಳು ನೆಸ್ಸಾ. ಹಿಗ್ಗಬೇಕಿತ್ತು. ಆದರೆ ಗಂಡ ಸತ್ತನೆಂದು ಅವಳು ಮೊದಲ ಬಾರಿ ಅತ್ತದ್ದು ಅಂದೇ. ಅದೂ ಅತ್ತೆಯ ಮಡಿಲಲ್ಲಿ ಮುಖವಿಟ್ಟು.