ಟ್ರಂಕಿನಲ್ಲಿದ್ದ ದುರುಗಮ್ಮ

ರಾಯಚೂರಿನಲ್ಲಿ ಯಾರೂ ನನ್ನ ಜಾತಿ ಕೇಳಲಿಲ್ಲ. ಅಷ್ಟು ಸಭ್ಯರು! "ನಿಮ್ಮ ಮನಿ ದೇವ್ರು ಯಾವುದ್ರೀ?" ಎಂದಷ್ಟೇ ಕೇಳುತ್ತಿದ್ದರು. ದೇವದುರ್ಗದಿಂದ ಬಂದು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ, ಮೊದಲ ಸಲ ಬಾಡಿಗೆ ಮನೆ ಹುಡುಕುತ್ತಿದ್ದ ನಾನು ಹುಚ್ಚಿಯ ಹಾಗೆ "ದುರುಗಮ್ಮ ರೀ" ಎನ್ನುತ್ತಿದ್ದೆ. ಕೂಡಲೇ ಒಂದು ಮನೆಗೆ ತಮ್ಮನ ಮಗ ಬರುವವನಿದ್ದ, ಇನ್ನೊಂದರ ನಲ್ಲಿ ಕೆಟ್ಟಿತ್ತು, ಮೂರನೆಯದನ್ನು ಬಾಡಿಗೆಗೇ ಕೊಡುವುದಿಲ್ಲವಂತೆ. 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ಮಾತ್ರ ಬಾಗಿಲಲ್ಲಿ ಹಾಗೇ ತೂಗಾಡುತ್ತಿತ್ತು.

ನಾಲ್ಕನೆಯ ಮನೆಯ ಒಡತಿ ಹಣೆ ತುಂಬ ವಿಭೂತಿ ಇಟ್ಟ, ಮಾನ್ವಿ ತವರಿನ ಅಮ್ಮ. ಅವರೂ ಅದನ್ನೇ ಕೇಳಿದಾಗ ನನ್ನ ಬಾಯಿ ನನ್ನನ್ನು ಕೇಳದೆ "ವೀರಭದ್ರ ರೀ" ಎಂದುಬಿಟ್ಟಿತು.

"ಹೌದೇನು! ನಮ್ದೂ ಅವನ. ಬಾರವ್ವಾ, ಒಳಗ ಬಾ."

ಮಹಡಿಯ ಮೇಲಿನ ಎರಡು ಕೋಣೆಗಳ ಕೀಲಿ ಕೈಗೆ ಬಂತು. ನಿದ್ದೆ ಹೋಯಿತು. ಟ್ರಂಕನ್ನು ಪೂರ್ತಿ ತೆರೆಯಲೇ ಇಲ್ಲ. ಅದರ ಮೇಲ್ಗಡೆಯೇ ಅವ್ವ ಹಳೆ ಸೀರೆಯಲ್ಲಿ ಸುತ್ತಿ ಕೊಟ್ಟ ದುರುಗಮ್ಮನ ಫೋಟೋ ಇತ್ತು. ಬಟ್ಟೆ ಬೇಕಾದಾಗ ಮುಚ್ಚಳವನ್ನು ಗೇಣು ಎತ್ತಿ, ಕೈ ತೂರಿಸಿ ಎಳೆದುಕೊಳ್ಳುತ್ತಿದ್ದೆ. ಮೆಟ್ಟಿಲ ಮೇಲೆ ಸಪ್ಪಳವಾದರೆ ಸಾಕು, ಎದ್ದು ನಿಲ್ಲುತ್ತಿದ್ದೆ. ಆ ಅಮ್ಮ ಕೆಟ್ಟವರಾಗಿದ್ದರೆ ಇಷ್ಟು ಸಂಕಟವಿರಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಲೆ ಮೇಲಕ್ಕೇ ತಂದು, "ಸೊರಗಾಕತ್ತೀಯಲ್ಲವ್ವಾ, ಉಣ್ಣು" ಎನ್ನುತ್ತಿದ್ದರು.

ಹದಿನೈದನೆಯ ದಿನ, ಹಾಲುಕ್ಕಿಸದೆ ಮನೆ ಹೊಕ್ಕಿದ್ದೇನೆಂದು ಬೈಯುತ್ತಾ ಅವ್ವ ಊರಿಂದ ಬಂದಿಳಿದಳು. ಮೆಟ್ಟಿಲ ಮೇಲೇ ತಡೆದು ಪಿಸುಗುಟ್ಟಿದೆ: "ಯವ್ವಾ, ಮನಿ ದೇವ್ರು ಕೇಳಿದ್ರ ವೀರಭದ್ರ ಅನ್ನು."

"ಸಾಲಿ ಕಲ್ತು ಕಲ್ತು ಇದನ್ನ ಏನು ನೀ ಕಲ್ತಿದ್ದು?" ಎಂದಳು. ಆಮೇಲೆ ನನ್ನ ಮುಖ ನೋಡಿ, "ಆತು, ನಡಿ" ಎಂದಳು.

ಹಾಲು ಒಲೆಯ ಮೇಲಿತ್ತು. ಒಡತಿ ಅಮ್ಮನೂ ಅರಿಶಿನ ಕುಂಕುಮ ಹಿಡಿದು ಬಂದು ನಿಂತರು. ಅವ್ವ ಬಾಯಿ ಬಿಗಿದುಕೊಂಡೇ ಇದ್ದಳು. ಆದರೆ ಹಾಲುಕ್ಕುವಾಗ ಮನೆದೇವರನ್ನು ನೆನೆಯದೆ ಸುಮ್ಮನಿರುವುದು ನಮ್ಮವರಿಗೆ ಗೊತ್ತೇ ಇಲ್ಲ. ನೊರೆ ಅಂಚಿಗೆ ಬಂದದ್ದೇ ತಡ, ಕೈಮುಗಿದು, ಕಣ್ಣು ಮುಚ್ಚಿ, "ದುರುಗವ್ವಾ, ನನ್ನ ಮಗಳ ಮನಿ ಕಾಯವ್ವಾ" ಎಂದುಬಿಟ್ಟಳು.

ಹಾಲು ಒಲೆಯ ಮೇಲೆಲ್ಲ ಹರಿಯಿತು. ಯಾರೂ ಒಲೆ ಆರಿಸಲಿಲ್ಲ.

"ವೀರಭದ್ರ ಅಂದಿದ್ದಿಯಲ್ಲವ್ವಾ?" ಎಂದರು ಆ ಅಮ್ಮ.

"ಸುಳ್ಳು ಹೇಳಿದ್ದೆ ರೀ. ಖರೇ ಹೇಳಿದ ಕಡೆ ಯಾರೂ ಮನಿ ಕೊಡಲಿಲ್ರಿ." ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂದಿತ್ತು.

ಅವ್ವ ಉಳಿದ ಹಾಲಿಗೆ ಸಕ್ಕರೆ ಹಾಕಿ ಮೊದಲ ಲೋಟ ಅವರಿಗೇ ಕೊಟ್ಟಳು. ಅವರು ತೆಗೆದುಕೊಂಡರು. ಆಮೇಲೆ ಕುಡಿಯದೆ ಕಟ್ಟೆಯ ಮೇಲಿಟ್ಟು, ನನ್ನ ಕಡೆ ನೋಡದೆ, "ತಿಂಗಳು ತುಂಬೋತನ ಇರ್ರಿ" ಎಂದು ಇಳಿದು ಹೋದರು.

ನಾನು ಟ್ರಂಕು ಪೂರ್ತಿ ತೆರೆದೆ. ಫೋಟೋ ತೆಗೆದು, ಒರೆಸಿ, ಬಾಗಿಲಿಗೆ ಎದುರಾಗಿ ಗೂಡಿನಲ್ಲಿಟ್ಟೆ.

"ಹೋಗೋದ ಅದಲ್ಲ, ಮತ್ಯಾಕ ತಗದಿ?" ಎಂದಳು ಅವ್ವ. ಅಳುತ್ತಿದ್ದಳು.

"ಇನ್ನಾ ಹದಿನೈದು ದಿನ ಅದ ಬೇ," ಎಂದೆ.

ಆ ಅಮ್ಮ ಬಿಟ್ಟುಹೋದ ಲೋಟದ ಹಾಲು ಆರಿತ್ತು. ನಾವಿಬ್ಬರೂ ಅದನ್ನು ಹಂಚಿಕೊಂಡು ಕುಡಿದೆವು.