ಇಬ್ಬರು ಮಾವಂದಿರ ನಡುವೆ ಕುಂಗ್‌ಫೂ

ಮೊನ್ನೆ ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತವರೊಬ್ಬರು ಮೊಬೈಲಿನಲ್ಲಿ ಸಿನಿಮಾ ನೋಡುತ್ತಿದ್ದರು. ಕಣ್ಣಿಗಿಂತ ಮೊದಲು ಕಿವಿಗೆ ಬಿತ್ತು. ಒದ್ದೆ ಪಂಚೆಯನ್ನು ಕಲ್ಲಿಗೆ ಬಡಿದಂಥ ಸದ್ದು, ಹಿಂದೆಯೇ "ಹೂ... ಹಾ!" ಬಗ್ಗಿ ನೋಡಿದೆ. ಹೌದು, ಅದೇ ಹಳೆಯ ಕುಂಗ್‌ಫೂ ಸಿನಿಮಾ. ಬಿಳಿ ಹುಬ್ಬಿನ ಮುದುಕ, ಅಂಗಳದ ತುಂಬ ಬೋಳುತಲೆಯ ಶಿಷ್ಯರು, ಬಾಗಿಲು ಮುರಿದು ಒಳನುಗ್ಗುವ ಎದುರು ಗರಡಿಯವರು. ಅರವತ್ತು ದಾಟಿದ, ಸಕ್ಕರೆ ಕಾಯಿಲೆಯ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ನಾನು, ಗುರುತಿಲ್ಲದವರ ಭುಜದ ಮೇಲೆ ಹೆಚ್ಚುಕಮ್ಮಿ ಗದ್ದವನ್ನೇ ಇಟ್ಟು ನೋಡುತ್ತ ಕುಮಟೆಯ ಬಸ್ಸು ತಪ್ಪಿಸಿಕೊಂಡೆ.

ಈ ಸಿನಿಮಾಗಳನ್ನು ನೋಡದವರಿಗೆ ಕಥೆ ಹೇಳಿಬಿಡುತ್ತೇನೆ. ಎರಡು ಗರಡಿಗಳು. ಒಂದರ ಗುರುವನ್ನು ಇನ್ನೊಂದರವರು ಕೊಂದಿದ್ದಾರೆ. ಉಳಿದದ್ದೆಲ್ಲ ಒದೆ. ಎಪ್ಪತ್ತರ ದಶಕದ ಕೊನೆಯಿಂದ ಕುಮಟೆಯ ಟಾಕೀಸಿಗೆ ಇವು ಸಾಲಾಗಿ ಬರುತ್ತಿದ್ದವು. ಚೀನಾದವರ ಬಾಯಿಗೆ ಯಾರೋ ಇಂಗ್ಲಿಷ್ ತುರುಕಿರುತ್ತಿದ್ದರು. ತುಟಿ ನಿಂತ ಮೇಲೂ ಮಾತು ಬರುತ್ತಿತ್ತು. ಒಂದಕ್ಷರ ತಿಳಿಯದಿದ್ದರೂ ನಮ್ಮ ಕಡಲ ಬದಿಯ ಜನ ಮುಗಿಬಿದ್ದು ನೋಡಿದರು. ಯಕ್ಷಗಾನ ನೋಡಿ ಬೆಳೆದವರಿಗೆ ಅದರಲ್ಲಿ ಹೊಸತೇನೂ ಇರಲಿಲ್ಲ ನೋಡಿ. ಬಂದವನು ಮೊದಲು ತಾನು ಯಾರು, ಯಾರ ಕಡೆಯವನು ಎಂದು ಹೇಳಿಕೊಳ್ಳಬೇಕು, ಆಮೇಲೆ ಗಿರ್ರನೆ ತಿರುಗಿ ಹೊಡೆಯಬೇಕು. ಜೊತೆಗೆ ಅವರೂ ನಮ್ಮ ಹಾಗೆ ಅನ್ನ ಉಣ್ಣುವವರು, ಉಣ್ಣುವಾಗಲೇ ಜಗಳ ತೆಗೆಯುವವರು.

ತದಡಿಯಲ್ಲಿ ನನ್ನ ಸೋದರಮಾವಂದಿರು ಇಬ್ಬರೂ ಈ ಸಿನಿಮಾಗಳ ಹುಚ್ಚರು. ದೊಡ್ಡವ ಜಟ್ಟಿ ಮಾವ, ಸಣ್ಣವ ಸೋಮ ಮಾವ. ಒಂದೇ ಬೇಲಿಯ ಆಚೆ ಈಚೆ ಮನೆ. ನಾನು ಕಾಲೇಜಿನಲ್ಲಿದ್ದಾಗ ಅವರಿಬ್ಬರಿಗೆ ಮೂರು ವರ್ಷದಿಂದ ಮಾತಿರಲಿಲ್ಲ. ಜಟ್ಟಿ ಮಾವ ರಂಪಣಿಯವ. ದಡದಲ್ಲಿ ಹತ್ತಾರು ಜನ ನಿಂತು ಎಳೆಯುವ ಆ ದೊಡ್ಡ ಬಲೆಯಲ್ಲೇ ಅವನ ಜೀವ ಇತ್ತು. ಸೋಮ ಮಾವ ರಂಪಣಿ ಬಿಟ್ಟು, ಆಗ ಹೊಸದಾಗಿ ಬಂದಿದ್ದ, ಯಂತ್ರದ ಪರ್ಸೀನ್ ಬೋಟಿಗೆ ಹೋದ. ಬೋಟಿನವರು ಆಳದಲ್ಲೇ ಸುತ್ತುಹಾಕಿ ಬಂಗಡೆ ಮೀನೆಲ್ಲ ಬಾಚಿಕೊಂಡರು, ರಂಪಣಿ ಬಲೆ ಖಾಲಿಯಾಗಿ ದಡಕ್ಕೆ ಬಂತು. ಅವತ್ತು ಜಟ್ಟಿ ಮಾವ ಹರಿದ ಬಲೆಯ ತುಂಡನ್ನು ತಮ್ಮನ ಅಂಗಳಕ್ಕೆ ಎಸೆದು, "ಇನ್ನು ನಂಗೆ ತಮ್ಮ ಇಲ್ಲ" ಎಂದವನು ಹಾಗೇ ಇದ್ದುಬಿಟ್ಟ.

ಕಷ್ಟ ಬಂದದ್ದು ನನ್ನ ಅಕ್ಕನ ಮದುವೆ ಗೊತ್ತಾದಾಗ. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವರು ಸೋದರಮಾವಂದಿರು. ಅವ ಬಂದರೆ ನಾನಿಲ್ಲ ಎಂದ ದೊಡ್ಡವ. ಸಣ್ಣವನೂ ಅದನ್ನೇ ಹೇಳಿ ಕಳಿಸಿದ. ಒಬ್ಬನನ್ನು ಬಿಟ್ಟು ಒಬ್ಬನನ್ನು ಕರೆಯುವ ಶಕ್ತಿ ಅವರ ಒಡಹುಟ್ಟಿದವಳಾದ ನನ್ನ ತಾಯಿ, ನಮ್ಮ ಆಯಿಗೆ ಇರಲಿಲ್ಲ. ಅಡುಗೆಮನೆಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತ ಅಂದಳು: "ಕಾಲೇಜು ಓದ್ತೆ ಅಲ್ದ ನೀನು? ಎಂತಾದ್ರೂ ಮಾಡು ತಮಾ."

ಕಾಲೇಜಿನಲ್ಲಿ ಅಂಥದ್ದನ್ನು ಕಲಿಸುತ್ತಿರಲಿಲ್ಲ. ಆದರೂ ಒಂದು ಉಪಾಯ ಹೊಳೆಯಿತು. ಮಳೆಗಾಲ, ಬೋಟುಗಳೆಲ್ಲ ದಡದಲ್ಲಿದ್ದವು. ಜಟ್ಟಿ ಮಾವನ ಹತ್ತಿರ ಹೋಗಿ, "ಭಾನುವಾರ ಮ್ಯಾಟಿನಿಗೆ ಬಾ, ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳ್ತೆ" ಎಂದೆ. ಬೇಲಿ ದಾಟಿ ಸೋಮ ಮಾವನಿಗೂ ಅದನ್ನೇ ಹೇಳಿದೆ. ಇನ್ನೊಬ್ಬನ ಸುದ್ದಿಯನ್ನು ಇಬ್ಬರ ಹತ್ತಿರವೂ ಎತ್ತಲಿಲ್ಲ.

ಜಟ್ಟಿ ಮಾವನನ್ನು ನನ್ನ ಬಲಕ್ಕೆ ಕೂರಿಸಿದೆ. ದೀಪ ಆರಿದ ಮೇಲೆ ಸೋಮ ಮಾವ ಬಂದು ಎಡಕ್ಕೆ ಕೂತ. ಪರದೆ ಬೆಳಗಿದಾಗ ಅಣ್ಣ ತಮ್ಮನನ್ನು ನೋಡಿದ, ತಮ್ಮ ಅಣ್ಣನನ್ನು ನೋಡಿದ, ಇಬ್ಬರೂ ಸೇರಿ ನನ್ನನ್ನು ನೋಡಿದರು. ನನ್ನ ಪುಣ್ಯಕ್ಕೆ ಅದೇ ಗಳಿಗೆಯಲ್ಲಿ ಒಬ್ಬ ಚಾವಣಿಯಿಂದ ಹಾರಿ ನಾಲ್ಕು ಜನರನ್ನು ಒದ್ದ. ಯಾರೂ ಏಳಲಿಲ್ಲ.

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಬಲಕ್ಕೆ ಹೇಳಿದ್ದು ಎಡದವನಿಗೆ ಕೇಳುವುದಿಲ್ಲ, ಎಡಕ್ಕೆ ಹೇಳಿದ್ದು ಬಲದವನಿಗೆ ಕೇಳುವುದಿಲ್ಲ. ಅಂದರೆ ಕೇಳಿಸಿದರೂ ಒಪ್ಪುವುದಿಲ್ಲ. ಪ್ರತಿ ಮಾತನ್ನೂ ಎರಡೆರಡು ಸಲ ಹೇಳಬೇಕಾಯಿತು. ನನ್ನ ಇಂಗ್ಲಿಷೋ, ಪುಸ್ತಕ ಬಿಟ್ಟು ಹೊರಗೆ ಬಂದದ್ದೇ ಇಲ್ಲ. "ನಿನ್ನನ್ನು ಕೊಲ್ಲುತ್ತೇನೆ" ಎನ್ನುವುದೊಂದು ಸರಿಯಾಗಿ ತಿಳಿಯುತ್ತಿತ್ತು, ಅದನ್ನೇ ಸಂದರ್ಭಕ್ಕೆ ತಕ್ಕ ಹಾಗೆ ಬದಲಿಸಿ ಹೇಳುತ್ತ ಹೋದೆ.

ನಡುವೆ ರೀಲು ತುಂಡಾಗಿ ಕಥೆ ಎಲ್ಲೋ ಹಾರಿತು.

"ಅವ್ರಿಗೆ ಜಗಳ ಎಂತಕ್ಕಂತೆ?" ಜಟ್ಟಿ ಮಾವ ಕೇಳಿದ.

ನನಗೆಲ್ಲಿ ಗೊತ್ತು? ಬಾಯಿಗೆ ಬಂದದ್ದು ಹೇಳಿದೆ: "ಬಲೆ ಹರಿದದ್ದಕ್ಕೆ. ಒಬ್ಬರ ಮೀನು ಇನ್ನೊಬ್ಬರು ಹಿಡಿದ್ರಂತೆ."

ಬಲಗಡೆ ಸದ್ದಿಲ್ಲ. ಎಡಕ್ಕೂ ಹೇಳಿದೆ. ಅಲ್ಲೂ ಸದ್ದಿಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಧೈರ್ಯ ಬಂದುಬಿಟ್ಟಿತು. ಕೊನೆಗೆ ಎರಡೂ ಗರಡಿಯವರ ನಡುವೆ ಆ ಬಿಳಿ ಹುಬ್ಬಿನ ಮುದುಕ ಕೈಯೆತ್ತಿ ಏನೋ ಉದ್ದಕ್ಕೆ ಹೇಳಿದಾಗ ನಾನು, "ಒಂದೇ ತಾಯಿಯ ಮಕ್ಕಳು ನೀವು, ಒಡಹುಟ್ಟಿದವಳ ಮಗಳ ಮದುವೆಗಾದರೂ ಒಂದಾಗಿ ಅಂತಿದ್ದ" ಎಂದೆ. ಮುಂದಿನ ಗಳಿಗೆಯಲ್ಲೇ ಆ ಮುದುಕ ಎರಡೂ ಕಡೆಯ ಇಬ್ಬಿಬ್ಬರನ್ನು ಕೊಂದುಹಾಕಿದ. ಅವನೇ ಖಳನಾಯಕ.

ಹೊರಗೆ ಚಾದಂಗಡಿಯಲ್ಲಿ ಮೂವರೂ ಬೇರೆ ಬೇರೆ ದಿಕ್ಕು ನೋಡುತ್ತ ಕೂತಿದ್ದೆವು. ಪಕ್ಕದ ಬೆಂಚಿನಲ್ಲಿ ದುಬೈಯಿಂದ ರಜೆಗೆ ಬಂದಿದ್ದ ಭಟ್ಕಳದವರೊಬ್ಬರು ಗೆಳೆಯರಿಗೆ ಅದೇ ಸಿನಿಮಾದ ಕಥೆ ಹೇಳುತ್ತಿದ್ದರು. ಜಟ್ಟಿ ಮಾವ ತಿರುಗಿ, "ಸಾಹೇಬ್ರೇ, ಆ ಜಗಳ ಬಲೆದೇ ಅಲ್ದ? ಕಡೆಗೆ ಆ ಮುದುಕ ಹೇಳಿದ್ದು ಮದುವೆ ಸುದ್ದಿಯೇ ಅಲ್ದ?" ಎಂದ.

"ಬಲೆ? ಎಲ್ಲಿಯ ಬಲೆ ಭಾಯಿ? ವಿದ್ಯೆಯ ಕಿತಾಬು ಕದ್ದದ್ದಕ್ಕೆ ಜಗಳ. ಮದುವೆಗಿದುವೆ ಎಂತದೂ ಇಲ್ಲ."

ಜಟ್ಟಿ ಮಾವ ಗ್ಲಾಸು ಕೆಳಗಿಟ್ಟ. ಮೂರು ವರ್ಷದ ಮೇಲೆ ತಮ್ಮನ ಮುಖ ನೋಡಿ, "ಸೋಮಾ, ಇಂವ ನಮ್ಮಿಬ್ರನ್ನೂ ಮಂಗ ಮಾಡ್ದ" ಎಂದ.

"ಹೌದ್ ಅಣ್ಣ, ಹಿಡಿ ಅವನ್ನ!" ಎಂದ ಸೋಮ ಮಾವ.

ಒಬ್ಬ ಬಲಗಿವಿ ಹಿಂಡಿದ, ಒಬ್ಬ ಎಡಗಿವಿ ಹಿಂಡಿದ. ತದಡಿಗೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ನನ್ನನ್ನು ಬೈದರು. ನಾನು ನಿಂತೇ ಹೋದೆ.

ದೀಪಾವಳಿ ಕಳೆದು ಮದುವೆಯಾಯಿತು. ಇಬ್ಬರೂ ಬಂದರು, ಅಕ್ಕನ ಬಲಗೈ ಯಾರು ಹಿಡಿಯುವುದೆಂದು ಮಂಟಪದ ಮುಂದೆಯೇ ಜಗಳವಾಡಿದರು. ಆಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಪರ್ಸೀನ್ ಬೋಟಿಗೆ ಶಾಪ ಹಾಕುವುದನ್ನು ಮಾತ್ರ ಜಟ್ಟಿ ಮಾವ ಸಾಯುವವರೆಗೂ ಬಿಡಲಿಲ್ಲ. ಶಾಪ ಹಾಕಿ, ಅದೇ ಬೋಟಿನ ಬಂಗಡೆಯನ್ನು ತಮ್ಮನ ಮನೆಯಲ್ಲಿ ಉಂಡು ಬರುತ್ತಿದ್ದ.

ಮೊನ್ನೆ ಮುಂದಿನ ಬಸ್ಸು ಹಿಡಿದವನು ಕುಮಟೆಯಲ್ಲಿ ಕೆಲಸ ಮುಗಿಸಿ, ಸೀದಾ ತದಡಿಗೆ ಹೋದೆ. ಸೋಮ ಮಾವನಿಗೆ ಈಗ ಎಂಬತ್ತು. ಜಗಲಿಯಲ್ಲಿ ಒರಗಿದ್ದ.

"ಮಾವ, ಆ ಬಲೆ ಹರಿದ ಕಥೆ ನೆನಪಿದ್ಯಾ?" ಎಂದೆ.

ನಕ್ಕು ನಕ್ಕು ಕೆಮ್ಮು ಬಂತು. "ಸುಳ್ಳಂತ ನಂಗೆ ಆಗ್ಲೇ ಗೊತ್ತಾಗಿತ್ತು ತಮಾ. ಇಡೀ ಸಿನಿಮಾದಲ್ಲಿ ಸಮುದ್ರ ಒಂದ್ಸಲನೂ ಕಾಣಲಿಲ್ಲ, ಬರೀ ಗುಡ್ಡ. ಗುಡ್ಡದ ಮೇಲಿನವ್ರಿಗೆ ಎಂತ ಬಲೆ?"

"ಮತ್ತೆ ಆಗ ಯಾಕೆ ಹೇಳ್ಲಿಲ್ಲ?"

ಮಾವ ಬೇಲಿಯಾಚೆಯ ಅಣ್ಣನ ಮನೆಯ ಕಡೆ ನೋಡಿದ.

"ಅಣ್ಣ ಸುಮ್ಮನಿದ್ದ. ಅಷ್ಟು ವರ್ಷ ಬಲೆ ಎಳೆದವ, ಅವಂಗೆ ತಿಳಿಯುದಿಲ್ವಾ? ತಿಳಿದೂ ಸುಮ್ಮನಿದ್ದಾನಲ್ಲ ಅಂತ ನಾನೂ ಸುಮ್ಮನೆ ಕೂತೆ. ಚಾದಂಗಡೀಲಿ ಆ ಸಾಹೇಬ್ರನ್ನ ಕೇಳಿದ್ದೂ ನನ್ನ ಹತ್ರ ಮಾತಾಡುಕೆ ಒಂದು ನೆಪ."

ನಲವತ್ತು ವರ್ಷ ಇದನ್ನು ನನ್ನ ಬುದ್ಧಿವಂತಿಕೆಯ ಕಥೆಯೆಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ್ದೆ. ಸರಿಯಾಗಿ ಹೇಳಿದ್ದು ಇವತ್ತು, ನಿಮಗೆ.